ಅತಿಥಿಗೆ ಕಾಣದ ಕಡೆ

ಹೋಟೆಲ್ ಕೆಲಸಕ್ಕೆ ನಾನು ಸೇರಿದ್ದು ಹೌಸ್‌ಕೀಪಿಂಗ್‌ನಲ್ಲಿ. ದಿನಕ್ಕೆ 14 ರೂಮು. ಹಾಸಿಗೆ ಬದಲಿಸುವುದು, ಬಚ್ಚಲು ತಿಕ್ಕುವುದು, ಕನ್ನಡಿ ಒರೆಸುವುದು. ಆಮೇಲೆ ಫ್ರಂಟ್ ಆಫೀಸ್, ರಾತ್ರಿ ಕೂತು ಆ ದಿನದ ಲೆಕ್ಕ ಮುಗಿಸುವ ನೈಟ್ ಆಡಿಟ್, ಕೊನೆಗೆ ಮ್ಯಾನೇಜರ್. ಹೀಗೆ 17 ವರ್ಷ ಬೇರೆಯವರ ಹೋಟೆಲುಗಳಲ್ಲಿ ದುಡಿದ ಮೇಲೆ, ಇಬ್ಬರು ಪಾಲುದಾರರ ಜೊತೆ ಸೇರಿ 60 ರೂಮಿನ ಐಷಾರಾಮಿ ಹೋಟೆಲ್ ಕಟ್ಟಿದೆ.

ಕಟ್ಟುವಾಗ ಮಾಡಿದ ಒಂದು ಕೆಲಸಕ್ಕೆ ಇವತ್ತಿಗೂ ಸಮಾಧಾನವಿದೆ. ಉಳಿದ ರೂಮುಗಳಿಗೆ ಕೈ ಹಾಕುವ ಮೊದಲು ಒಂದು ಮಾದರಿ ರೂಮನ್ನು ಪೂರ್ತಿ ಮುಗಿಸಿ, ಅದರಲ್ಲಿ ಏಳು ರಾತ್ರಿ ಮಲಗಿದೆ. ನಕ್ಷೆಯಲ್ಲಿ ಕಾಣದ್ದೆಲ್ಲ ಆಗ ಕಂಡಿತು. ದೀಪ ಆರಿಸಲು ಹಾಸಿಗೆಯಿಂದ ಎದ್ದು ಬಾಗಿಲ ತನಕ ಹೋಗಬೇಕಿತ್ತು. ಎರಡು ಪರದೆ ಕೂಡುವಲ್ಲಿ ಬೆರಳಗಲ ಸಂದಿ. ಬೆಳಗಿನ ಬಿಸಿಲು ನೇರ ದಿಂಬಿನ ಮೇಲೆ! ಬಾಗಿಲ ಕೆಳಗಿನ ಸಂದಿಯಿಂದ ಕಾರಿಡಾರಿನ ಮಾತು ಒಳಗೆ ಬರುತ್ತಿತ್ತು. ನಲ್ಲಿಯಲ್ಲಿ ಬಿಸಿನೀರು ಬರಲು ತುಂಬ ಹೊತ್ತು ಹಿಡಿಯುತ್ತಿತ್ತು. ಅದಕ್ಕೆ ಬಿಸಿನೀರು ಪೈಪಿನಲ್ಲಿ ಸದಾ ಸುತ್ತುತ್ತಲೇ ಇರುವ ಹಾಗೆ ಇನ್ನೊಂದು ಪೈಪು ಹಾಕಿಸಿದೆವು. ಒಂದು ರೂಮಿನಲ್ಲಿ ಸರಿ ಮಾಡಿದ್ದಕ್ಕೆ 60 ರೂಮುಗಳನ್ನು ಮತ್ತೆ ಒಡೆಯುವುದು ತಪ್ಪಿತು.

ಹೆಸರಾಂತ ಹೋಟೆಲ್ ಉದ್ಯಮಿ ಸೀಸರ್ ರಿಟ್ಜ್ ಬಗ್ಗೆ ಓದಿದಾಗ ಮನಸ್ಸಿಗೆ ಹತ್ತಿರವಾದದ್ದೂ ಇಂಥ ಸಣ್ಣ ವಿಷಯಗಳೇ. 1898ರಲ್ಲಿ ಪ್ಯಾರಿಸ್‌ನಲ್ಲಿ ಹೋಟೆಲ್ ತೆರೆದಾಗ, ತೊಳೆದು ಸ್ವಚ್ಛವಾಗಿಡಲು ಸುಲಭ ಅಂತ ಗೋಡೆಗೆ ಕಾಗದ ಅಂಟಿಸದೆ ಬಣ್ಣ ಬಳಿಸಿದರು. ಯಾವ ಬಣ್ಣದ ದೀಪದ ಬೆಳಕಿನಲ್ಲಿ ಮುಖ ಚೆನ್ನಾಗಿ ಕಾಣುತ್ತದೆ ಅಂತ ಹೆಂಡತಿಯನ್ನು ಕೂರಿಸಿಕೊಂಡು ನೋಡಿದ್ದರಂತೆ. ವೈಭವದ ಜೊತೆಗೆ ಇಷ್ಟೊಂದು ಶುಚಿಯ ಯೋಚನೆ ಇದ್ದದ್ದು ನನಗೆ ಬಹಳ ಇಷ್ಟವಾಯಿತು.

ಇಷ್ಟೆಲ್ಲ ನೋಡಿಕೊಂಡರೂ ನಾನು ಎಡವಿದ್ದು ಬೆಡ್‌ಶೀಟಿನಲ್ಲಿ. ಒಂದು ಹಾಸಿಗೆಗೆ ಕನಿಷ್ಠ 3 ಸೆಟ್ ಬೇಕು. ಒಂದು ಹಾಸಿಗೆ ಮೇಲೆ, ಒಂದು ಲಾಂಡ್ರಿಯಲ್ಲಿ, ಒಂದು ಕಪಾಟಿನಲ್ಲಿ. ಇದು ನಾನು ಕೈಯಾರೆ ಕಲಿತ ಲೆಕ್ಕ. ಆದರೂ ಖರ್ಚು ಮಿತಿ ಮೀರಿದಾಗ 2 ಸೆಟ್‌ಗೆ ಇಳಿಸಿ, ಉಳಿದ ದುಡ್ಡನ್ನು ಲಾಬಿಯ ಅಮೃತಶಿಲೆಗೆ ಹಾಕಿದೆ. ಹೋಟೆಲ್ ಮೊದಲ ಸಲ ಪೂರ್ತಿ ತುಂಬಿದ ದಿನವೇ ಒಗೆಯುವ ಮೆಷಿನ್ ಕೆಟ್ಟಿತು. ಮಧ್ಯಾಹ್ನ 3 ಗಂಟೆಗೆ 22 ರೂಮುಗಳಿಗೆ ಹಾಸಲು ಶೀಟೇ ಇಲ್ಲ. ದೂರದಿಂದ ಬಂದವರು ಮಕ್ಕಳನ್ನು ತೊಡೆ ಮೇಲೆ ಮಲಗಿಸಿಕೊಂಡು ಲಾಬಿಯಲ್ಲಿ ಕೂತಿದ್ದರು. ಆ ನೆಲದ ಹೊಳಪನ್ನು ಯಾರೂ ನೋಡಲಿಲ್ಲ. ಅವತ್ತು ಒಬ್ಬೊಬ್ಬರ ಹತ್ತಿರವೂ ಹೋಗಿ ಕ್ಷಮೆ ಕೇಳಿದೆ. ಈಗ ಹಾಸಿಗೆಗೆ 4 ಸೆಟ್ ಇಟ್ಟಿದ್ದೇನೆ. ಬಟ್ಟೆಗೂ ವಿಶ್ರಾಂತಿ ಸಿಗುತ್ತದೆ, ಬೇಗ ಸವೆಯುವುದಿಲ್ಲ.

ಕೆಲಸದವರ ವಿಷಯದಲ್ಲಿ ಮಾತ್ರ ನಾನು ಮೊದಲಿಂದಲೂ ಗಟ್ಟಿ. ನಮ್ಮಲ್ಲಿ ಒಬ್ಬರಿಗೆ ದಿನಕ್ಕೆ 9 ರೂಮು, ಅದಕ್ಕಿಂತ ಜಾಸ್ತಿ ಕೊಡುವುದಿಲ್ಲ. 14 ರೂಮು ಮಾಡುವವರಿಗೆ ಮಂಚದ ಕೆಳಗೆ ಬಗ್ಗಿ ನೋಡಲು ಪುರುಸೊತ್ತೆಲ್ಲಿ? ಅದು ಅವರ ತಪ್ಪಲ್ಲ, ಅಲ್ವಾ? ಅತಿಥಿಗೆ ತೊಂದರೆಯಾದರೆ, ಯಾರನ್ನೂ ಕೇಳದೆ ಅಲ್ಲೇ ಸರಿಪಡಿಸುವ ಅಧಿಕಾರ ರೂಮು ಗುಡಿಸುವವರಿಗೂ ಇದೆ.

ದುಡ್ಡಿನ ಬಗ್ಗೆ ಒಂದು ಮಾತು. ಇವತ್ತು ರಾತ್ರಿ ಖಾಲಿ ಉಳಿದ ರೂಮನ್ನು ನಾಳೆ ಮಾರಲು ಆಗುವುದಿಲ್ಲ. ಆ ಭಯಕ್ಕೆ ಮೊದಲ ವರ್ಷ ದರ ಇಳಿಸುತ್ತಲೇ ಹೋದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ದರ 100 ಇಟ್ಟು ನೂರಕ್ಕೆ 80 ರೂಮು ತುಂಬಿದರೆ, ಇರುವ ಪ್ರತಿ ರೂಮಿಗೆ ಸರಾಸರಿ 80 ಬರುತ್ತದೆ. ದರ 120 ಇಟ್ಟು 70 ತುಂಬಿದರೆ 84. ಜೊತೆಗೆ 10 ರೂಮಿನ ಒಗೆಯುವ, ಗುಡಿಸುವ ಖರ್ಚು ಉಳಿಯುತ್ತದೆ. ಇರುವ ಪ್ರತಿ ರೂಮಿಗೆ ಬರುವ ಈ ಸರಾಸರಿಯನ್ನೇ ಹೋಟೆಲಿನವರು ರೆವ್‌ಪಾರ್ ಅನ್ನುವುದು. ಆದಾಯದಲ್ಲಿ ನೂರಕ್ಕೆ 4 ಭಾಗವನ್ನು ಹಾಸಿಗೆ, ಪೀಠೋಪಕರಣ ಬದಲಿಸಲು ಬೇರೆಯೇ ಎತ್ತಿಡುತ್ತೇನೆ. ಎಷ್ಟೇ ಕಷ್ಟ ಬಂದರೂ ಅದನ್ನು ಮುಟ್ಟುವುದಿಲ್ಲ.

ಈಗಲೂ ನಾನು ಒಳಗೆ ಹೋಗುವುದು ಲಾಂಡ್ರಿ ಕಡೆಯ ಬಾಗಿಲಿನಿಂದ. ತಿಂಗಳಿಗೊಂದು ರಾತ್ರಿ ಯಾವುದಾದರೂ ರೂಮಿನಲ್ಲಿ ಮಲಗುತ್ತೇನೆ. ಹೋದ ವಾರ 412ರಲ್ಲಿದ್ದೆ. ಪಕ್ಕದ ರೂಮಿನ ಬಾಗಿಲು ದಡ್ ಅಂತ ಬಡಿಯುತ್ತಿತ್ತು. ಬೆಳಗ್ಗೆ ಎದ್ದವನೇ ರಿಪೇರಿಯವರನ್ನು ಕರೆದು, ಆ ಮಹಡಿಯ ಅಷ್ಟೂ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿ ನೋಡಿದೆವು.