ಟಿ.ಬಿ. ಪರೀಕ್ಷೆಗೆ ಕಫ ಕೊಡುವುದು ಹೇಗೆ?

ಎರಡು ವಾರ ಕಳೆದರೂ ಕೆಮ್ಮು ಬಿಡುತ್ತಿಲ್ಲವೇ? ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಫ ಪರೀಕ್ಷೆ ಮಾಡಿಸಿ. ಅಲ್ಲಿ ಅದು ಉಚಿತ. ಕಫದಲ್ಲಿ ರಕ್ತ ಬಂದರೆ ಎರಡು ವಾರವೂ ಕಾಯಬೇಡಿ. ಅಲರ್ಜಿ, ಬ್ರಾಂಕೈಟಿಸ್, ನ್ಯುಮೋನಿಯಾ ಅಂತ ತಿಂಗಳುಗಟ್ಟಲೆ ಸಿರಪ್ ಕುಡಿದು, ತೂಕ ಇಳಿದ ಮೇಲೆ ಬರುವವರೇ ಜಾಸ್ತಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಲಿವೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ನುಂಗಲೇಬೇಡಿ. ಟಿ.ಬಿ. ಇದ್ದರೆ ಅದರಿಂದ ಸ್ವಲ್ಪ ದಿನ ತಗ್ಗುತ್ತದೆ, ಗುಣವಾಗುವುದಿಲ್ಲ. ರೋಗ ಗೊತ್ತಾಗುವುದೂ ತಡವಾಗುತ್ತದೆ.

ಹೆಚ್ಚಿನವರು ಎಡವುವುದು ಕಫ ಕೊಡುವಾಗ. ಲ್ಯಾಬ್ ಬಾಗಿಲಲ್ಲಿ ನಾಚಿಕೊಂಡು, ಗಂಟಲು ಕೆರೆದು, ನೊರೆ ನೊರೆ ಎಂಜಲು ಉಗುಳಿ ಡಬ್ಬಿ ಕೊಟ್ಟುಬಿಡುತ್ತಾರೆ. ಎದೆಯೊಳಗಿನ ರೋಗಾಣು ಎಂಜಲಲ್ಲಿ ಸಿಗುವುದು ಕಷ್ಟ.

ಬೆಳಗ್ಗೆ ಎದ್ದ ಕೂಡಲೇ, ತಿಂಡಿಗೆ ಮುಂಚೆ, ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ಮೌತ್‌ವಾಶ್ ಬೇಡ. ಮನೆಯ ಹೊರಗೆ, ಗಾಳಿಯಾಡುವ ಕಡೆ, ಯಾರೂ ಹತ್ತಿರ ಇಲ್ಲದಂತೆ ನಿಲ್ಲಿ. ಬಚ್ಚಲುಮನೆಯಲ್ಲಿ ಬೇಡವೇ ಬೇಡ. ಉಸಿರು ಆಳವಾಗಿ ಎಳೆದುಕೊಂಡು ಕೆಲವು ಕ್ಷಣ ಹಿಡಿದು ಬಿಡಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ, ಹೊಟ್ಟೆ ಬಿಗಿ ಹಿಡಿದು ಎದೆಯಾಳದಿಂದ ಕೆಮ್ಮಿ. ಗಟ್ಟಿಯಾಗಿ, ಅಂಟಂಟಾಗಿ ಬರುವುದೇ ಕಫ. ಡಬ್ಬಿಯನ್ನು ತುಟಿಗೆ ಹತ್ತಿರ ಹಿಡಿದು ನಿಧಾನವಾಗಿ ಬಿಡಿ. ಕನಿಷ್ಠ 2 ಮಿ.ಲೀ. ಬೇಕು. ಸಾಲದಿದ್ದರೆ ಮತ್ತೆ ಕೆಮ್ಮಿ, ಎಂಜಲು ಸೇರಿಸಿ ತುಂಬಿಸಬೇಡಿ. ಒಳಭಾಗ ಮುಟ್ಟದೆ ಮುಚ್ಚಳ ಬಿಗಿಯಾಗಿ ತಿರುಗಿಸಿ. ಹೆಸರು ಡಬ್ಬಿಯ ಮೈ ಮೇಲಿರಲಿ, ಮುಚ್ಚಳದ ಮೇಲಲ್ಲ. ಬಿಸಿಲಿಗೆ ಇಡದೆ ಅವತ್ತೇ ತಲುಪಿಸಿ. ಸಾಮಾನ್ಯವಾಗಿ ಎರಡು ಸ್ಯಾಂಪಲ್ ಕೇಳುತ್ತಾರೆ: ಒಂದು ಅಲ್ಲೇ, ಇನ್ನೊಂದು ಬೆಳಗಿನದು. ಕಫವೇ ಬರುತ್ತಿಲ್ಲ ಎಂದಾದರೆ ಸಿಬ್ಬಂದಿಗೆ ಹೇಳಿ, ಅದಕ್ಕೂ ದಾರಿ ಇದೆ.

‘ಟಿ.ಬಿ.ಗೆ ರಕ್ತ ಪರೀಕ್ಷೆ ಮಾಡಿಸಿ’ ಎಂದು ಯಾರಾದರೂ ಹೇಳಿದರೆ ಹುಷಾರು. ರಕ್ತದ ಆಂಟಿಬಾಡಿ ನೋಡಿ ಟಿ.ಬಿ. ಹೇಳುವ ಕಿಟ್‌ಗಳನ್ನು ಸರ್ಕಾರ 2012ರಲ್ಲೇ ನಿಷೇಧಿಸಿದೆ. ಎಕ್ಸ್‌ರೇ ಬೇಕು, ಆದರೆ ಅದೊಂದೇ ಸಾಲದು. ಹಳೆಯ ಕಲೆಯೂ ಅದರಲ್ಲಿ ಕಾಣುತ್ತದೆ. ನನ್ನ ಪ್ರಕಾರ ಮೊದಲೇ ಸಿಬಿನಾಟ್ ಅಥವಾ ಟ್ರೂನಾಟ್ (ಕಫದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆಗಳು) ಕೇಳುವುದು ಒಳ್ಳೆಯದು. ಟಿ.ಬಿ.ಯ ಮುಖ್ಯ ಔಷಧಿಯಾದ ರಿಫಾಂಪಿಸಿನ್ ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ಎನ್ನುವುದೂ ಅದರಲ್ಲೇ ತಿಳಿಯುತ್ತದೆ. ರಿಪೋರ್ಟ್ ನೆಗೆಟಿವ್ ಬಂದು ಕೆಮ್ಮು, ಜ್ವರ ಹಾಗೇ ಇದ್ದರೆ ವೈದ್ಯರ ಬಳಿಗೆ ಮತ್ತೆ ಹೋಗಿ.

ಸಾಮಾನ್ಯ ಟಿ.ಬಿ.ಗೆ ದಿನವೂ ಮಾತ್ರೆ, ಆರು ತಿಂಗಳು. ಒಂದೆರಡು ತಿಂಗಳಲ್ಲಿ ಕೆಮ್ಮು ನಿಂತಿತೆಂದು ಬಿಡಬಾರದು. ಮೂತ್ರ ಕಿತ್ತಳೆ ಬಣ್ಣವಾದರೆ ಹೆದರಬೇಡಿ, ರಿಫಾಂಪಿಸಿನ್‌ನಿಂದ ಹಾಗಾಗುತ್ತದೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಶುಗರ್, ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿ. ಪೌಷ್ಟಿಕ ಆಹಾರಕ್ಕೆ ಸರ್ಕಾರದ ನಿಕ್ಷಯ್ ಯೋಜನೆಯಿಂದ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, ಪಾಸ್‌ಬುಕ್ ಕೊಟ್ಟು ಹೆಸರು ಬರೆಸಿ. ಮನೆಯವರನ್ನೆಲ್ಲ, ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳನ್ನು, ಅದೇ ವಾರ ತೋರಿಸಿ. ರೋಗ ಇಲ್ಲದಿದ್ದರೂ ತಡೆಗಟ್ಟುವ ಮಾತ್ರೆ ಕೊಡುತ್ತಾರೆ.