ಜರ್ಮನಿಯಲ್ಲಿ ಬಿಟ್ಟಿ ಉಪನ್ಯಾಸಕ್ಕೆ ರೊಕ್ಕ ಕಟ್ಟಬೇಡಿ

ರಜೆಗೆ ವಿಜಯಪುರಕ್ಕೆ ಬಂದಿದ್ದೇನೆ. ಮೊನ್ನೆ ಗೋಳಗುಮ್ಮಟದ ಎದುರು ಚಹಾ ಕುಡಿಯುವಾಗ ನಮ್ಮ ಓಣಿಯ ಹುಡುಗಿ ಸಿಕ್ಕಳು. ಗಂಡನ ಜೊತೆ ಜರ್ಮನಿಗೆ ಹೋಗಿ ಆರು ತಿಂಗಳಾಗಿದೆ. "ಕಾಕಾ, ಮುಂದಿನ ಸೆಮಿಸ್ಟರ್‌ಗೆ ಯುನಿವರ್ಸಿಟಿಯೊಳಗ ನಮ್ಮ ಆದಿಲಶಾಹಿ ಮ್ಯಾಲ ಲೆಕ್ಚರ್ ಅದಾವ. ಗಾಸ್ಟ್‌ಹೋರರ್ ಅಂತ ಹೆಸರು ಹಚ್ಚಿ ರೊಕ್ಕ ತುಂಬೀನಿ" ಅಂದಳು. ನನಗೆ ಹೊಟ್ಟೆ ಚುರ್ ಎಂದಿತು. ನಾನೂ ಇದನ್ನೇ ಮಾಡಿದ್ದೆ.

ಅಲ್ಲಿನ ಪಾಠಗಳ ಪಟ್ಟಿಯಲ್ಲಿ ಮಾಮೂಲಿ ತರಗತಿಗಳ ಪಕ್ಕದಲ್ಲೇ 'ರಿಂಗ್‌ಫೋರ್‌ಲೇಜುಂಗ್' ಎಂದೂ ಇರುತ್ತದೆ. ಒಂದೇ ವಿಷಯ, ವಾರಕ್ಕೊಬ್ಬ ಮಾತುಗಾರ. ಸಾಮಾನ್ಯವಾಗಿ ಊರಿನ ಯಾರು ಬೇಕಾದರೂ ಹೋಗಿ ಕೂರಬಹುದು, ಪುಕ್ಕಟೆ. 'ಗಾಸ್ಟ್‌ಹೋರರ್' ಅಂದರೆ ಬೇರೆಯೇ. ವಿದ್ಯಾರ್ಥಿಗಳ ಮಾಮೂಲಿ ತರಗತಿಯಲ್ಲಿ ಅತಿಥಿಯಾಗಿ ಕೂರುವುದಕ್ಕೆ ಅರ್ಜಿ, ಶುಲ್ಕ, ಚೀಟಿ. ನಾನು ಎರಡನ್ನೂ ಒಂದೇ ಅಂದುಕೊಂಡು ನೂರು ಯೂರೋಗಿಂತ ಜಾಸ್ತಿ ಕಟ್ಟಿದೆ. ಮೊದಲ ದಿನ ಚೀಟಿ ಹಿಡಿದು ಬಾಗಿಲಲ್ಲಿ ನಿಂತರೆ ನೋಡುವವರೇ ಇಲ್ಲ! ಪಕ್ಕದಲ್ಲಿ ಕೂತ ಅಜ್ಜಿ, "ಇದಕ್ಕೆ ಯಾಕೆ ಕಟ್ಟಿದೆ?" ಎಂದು ನಕ್ಕರು. ಕಚೇರಿಗೆ ಹೋದರೆ ಸೆಮಿಸ್ಟರ್ ಶುರುವಾಗಿದೆ, ವಾಪಸ್ ಇಲ್ಲ ಅಂದರು.

ಇನ್ನೊಂದು ಮಾತು. ಆ ಚೀಟಿಯಿಂದ ನೀವು ವಿದ್ಯಾರ್ಥಿ ಆಗುವುದಿಲ್ಲ. ವಿದ್ಯಾರ್ಥಿ ವೀಸಾಕ್ಕೆ ಅದು ಉಪಯೋಗವಿಲ್ಲ, ಡಿಗ್ರಿಯೂ ಬರುವುದಿಲ್ಲ. ಅವಲಂಬಿತ ವೀಸಾದಲ್ಲಿ ಹೋದವರು ಇದನ್ನು ಓದಿಗೆ ಮೊದಲ ಮೆಟ್ಟಿಲು ಅಂತ ನಂಬುತ್ತಾರೆ. ನಂಬಬೇಡಿ. ದುಡ್ಡು ಕಟ್ಟುವ ಮುಂಚೆ ಪ್ರಕಟಣೆಯಲ್ಲಿ 'ಓಫೆಂಟ್‌ಲಿಖ್' ಅಥವಾ 'ಐನ್‌ಟ್ರಿಟ್ ಫ್ರೈ' ಇದೆಯಾ ನೋಡಿ. ಮೊದಲನೆಯದು ಸಾರ್ವಜನಿಕ, ಎರಡನೆಯದು ಪ್ರವೇಶ ಉಚಿತ. 'ಆನ್‌ಮೆಲ್ಡುಂಗ್' (ನೋಂದಣಿ) ಬೇಕು ಎಂದಿದ್ದರೆ ಗಾಬರಿ ಬೇಡ. ಮನೆ ವಿಳಾಸ ನೋಂದಾಯಿಸುವಾಗ ಕೇಳಿದ ಅದೇ ಪದ. ಇಲ್ಲಿ ಸುಮ್ನೆ ಒಂದು ಮೇಲ್ ಹಾಕಿ ಹೆಸರು ಕೊಟ್ಟರೆ ಸಾಕಾಗುತ್ತದೆ.

ಸಮಯದ ಮುಂದೆ 'ಸಿ.ಟಿ.' ಅಂತಿದ್ದರೆ ಕಾಲು ಗಂಟೆ ತಡ, 'ಎಸ್.ಟಿ.' ಅಂತಿದ್ದರೆ ಹೇಳಿದ ಗಂಟೆಗೇ. 18 ಗಂಟೆ ಸಿ.ಟಿ. ಅಂದರೆ 18:15. ತಡವನ್ನೂ ಮೊದಲೇ ಬರೆದಿಡುವ ಜನ! ನಮ್ಮಲ್ಲಿ ಸ್ವಾಗತ, ದೀಪ, ಹಾರ, ಶಾಲು ಮುಗಿದು ಮುಖ್ಯ ಅತಿಥಿ ಮೈಕ್ ಹಿಡಿಯುವಷ್ಟರಲ್ಲಿ ಅಲ್ಲಿ ಉಪನ್ಯಾಸವೇ ಮುಗಿದಿರುತ್ತದೆ. ಇದರಲ್ಲಿ ಅವರದೇ ಚಲೋ. ಆದರೆ ಮುಗಿದ ಮೇಲೆ ವೇದಿಕೆಗೇ ಹತ್ತಿ ಮಾತಿಗಿಳಿಯುವ ಸಲುಗೆ ನಮ್ಮದು. ಅಲ್ಲಿ ಮೇಜು ಕುಟ್ಟಿ ಎದ್ದು ಹೋಗುತ್ತಾರೆ.

ನಾನು ಕೇಳಿದ ಸರಣಿ ದಖ್ಖನಿನ ರಾಜತಾಂತ್ರಿಕತೆ ಮತ್ತು ಕಟ್ಟಡಗಳ ಬಗ್ಗೆ. ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರದಿಂದ ತಂಬಾಕು ಒಯ್ದು ಬಾದಶಹನಿಗೆ ತೋರಿಸಿದ ಕಥೆಗೆ ಸಭೆಯೆಲ್ಲ ನಕ್ಕಿತು. 1636ರಲ್ಲಿ ಶಾಹಜಹಾನನ ಜೊತೆ ಒಪ್ಪಂದವಾಗಿ ಉತ್ತರದ ಗಡಿ ತಣ್ಣಗಾದ ಮೇಲೆ ಬಿಜಾಪುರದ ಸೈನ್ಯ ದಕ್ಷಿಣಕ್ಕೆ ತಿರುಗಿತು. ಅದೇ ಕಾಲದ ಗೋಳಗುಮ್ಮಟವನ್ನು ಆ ಹಿನ್ನೆಲೆಯಲ್ಲಿ ನೋಡಬೇಕು ಎಂದರು ಅಂದಿನ ಮಾತುಗಾರ. ಹೊರಗಿನಿಂದ ಸುಮಾರು 44 ಮೀಟರ್ ಅಗಲದ ಗುಮ್ಮಟವನ್ನು ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಹೊತ್ತ ಬಗೆಯನ್ನು ಪರದೆಯ ಮೇಲೆ ಬಿಡಿಸಿ ತೋರಿಸಿದರು. ಚಿಕ್ಕಂದಿನಿಂದ ಅದರೊಳಗೆ ಕೂಗಿ ಪ್ರತಿಧ್ವನಿ ಕೇಳಿದವನಿಗೆ ಇದು ತಿಳಿಯಲು ಜರ್ಮನಿಗೆ ಹೋಗಬೇಕಾಯಿತು ನೋಡಿ.

ಇರಲಿ. ಹುಡುಗಿಯ ಫೋನಿನಲ್ಲಿ ಪ್ರಕಟಣೆ ತೆಗೆಸಿದೆ. ಕೊನೆಯ ಸಾಲಿನಲ್ಲಿ 'ಐನ್‌ಟ್ರಿಟ್ ಫ್ರೈ' ಇತ್ತು. ಸೆಮಿಸ್ಟರ್ ಶುರುವಾಗಲು ಇನ್ನೂ ಮೂರು ವಾರ ಇದೆ, ರೊಕ್ಕ ವಾಪಸ್ ಕೇಳಿ ಇವತ್ತೇ ಕಚೇರಿಗೆ ಮೇಲ್ ಹಾಕು ಎಂದೆ. ಚಹಾ ಬಿಟ್ಟು ಅಲ್ಲೇ ಟೈಪ್ ಮಾಡತೊಡಗಿದಳು.