ಈ ಕೊಂಬೆ ಭಾರ ತಾಳೀತೇ? ಮಿಡಿ ಕೊಯ್ಯಲು ಮರ ಹತ್ತುವ ಮುನ್ನ

ಫೆಬ್ರುವರಿ, ಮಾರ್ಚ್ ಬಂತೆಂದರೆ ಶಿರಸಿ, ಸಾಗರ, ಹೊಸನಗರದ ಕಡೆ ಹೊಳೆದಂಡೆಗಳಲ್ಲಿ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆಯ ಕಾಡುಮಾವಿನಕಾಯಿಯ ಕೊಯ್ಲು. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಕಾಯಿಗೆ ಬಾರದು. ಹಾಗಾಗಿ ಹತ್ತಿಯೇ ಕೊಯ್ಯಬೇಕು. ಕಾಡುಮಾವು ಎತ್ತರದ ಮರ, ಮಿಡಿ ಗೊಂಚಲು ತೂಗುವುದು ಟೊಂಗೆಯ ತುದಿಯಲ್ಲಿ. ಅಪಾಯವೂ ಅಲ್ಲೇ.

ಮೊದಲು ನೆಲದಲ್ಲೇ ಮರಕ್ಕೆ ಒಂದು ಸುತ್ತು ಬನ್ನಿ. ಬುಡದಲ್ಲೋ ಕಾಂಡದಲ್ಲೋ ಅಣಬೆ ಎದ್ದಿದ್ದರೆ ಒಳಗೆ ಕೊಳೆತ ಶುರುವಾಗಿದೆ ಎಂದೇ ತಿಳಿಯಿರಿ. ತೊಗಟೆಯ ತೂತಿನಿಂದ ಮರದ ಹುಡಿ ಉದುರುತ್ತಿದ್ದರೆ ಅದು ಕಾಂಡ ಕೊರಕ ಹುಳುವಿನ ಕೆಲಸ. ಬಂದಳಿಕೆ (ಮರದ ಮೇಲೆಯೇ ಬೆಳೆದು ಅದರ ಸಾರ ಹೀರುವ ಗಿಡ) ಹಿಡಿದ ಕೊಂಬೆ ದೂರಕ್ಕೆ ಹಸಿರಾಗಿಯೇ ಕಾಣುತ್ತದೆ, ಆದರೆ ಆ ಹಸಿರು ಬಂದಳಿಕೆಯದು. ಅದರಾಚೆಯ ಮಾವಿನ ಟೊಂಗೆ ಒಣಗುತ್ತಾ ಬಂದಿರುತ್ತದೆ.

ಇನ್ನು ಕವಲು. ಹೆಚ್ಚು ಹೊತ್ತು ನೋಡಬೇಕಾದದ್ದು ಇದನ್ನೇ. ಕೊಂಬೆ ಕಾಂಡದಿಂದ ಅಗಲವಾಗಿ ತೆರೆದು, ಬುಡದಲ್ಲಿ ಕೊರಳಪಟ್ಟಿಯಂತೆ ಉಬ್ಬಿಕೊಂಡಿದ್ದರೆ ಸಾಮಾನ್ಯವಾಗಿ ಬೆಸುಗೆ ಗಟ್ಟಿ. ಎರಡೂ ಒಂದೇ ದಪ್ಪವಿದ್ದು, ಒತ್ತೊತ್ತಾಗಿ ಮೇಲೇರಿ, ನಡುವೆ ತೊಗಟೆ ಒಳಕ್ಕೆ ಮಡಚಿಕೊಂಡಿದ್ದರೆ ಅಲ್ಲಿ ಮರ ಮರಕ್ಕೆ ಸರಿಯಾಗಿ ಕೂಡಿಲ್ಲ. ನೋಡಲು ಎಷ್ಟೇ ದಪ್ಪವಿರಲಿ, ಸೀಳುವುದು ಅಲ್ಲಿಂದಲೇ. ಹಿಂದೆ ಕಡಿದ ಮೋಟಿನಿಂದ ಚಿಗುರಿ ಬೆಳೆದ ಕೊಂಬೆಯೂ ಹಾಗೆಯೇ. ಅದು ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುತ್ತದೆ, ಮೋಟು ಕೊಳೆಯುತ್ತಿರುತ್ತದೆ. ಮಿಡಿಗಾಗಿ ಇಡೀ ಕೊಂಬೆಯನ್ನೇ ಕಡಿದು ಕೆಡವುವವರು ಮರವನ್ನೂ ಕೆಡಿಸುತ್ತಾರೆ, ಮುಂದೆ ಹತ್ತುವವರನ್ನೂ ಅಪಾಯಕ್ಕೆ ದೂಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ದಪ್ಪದ ಲೆಕ್ಕದಲ್ಲಿ ಕಣ್ಣು ಮೋಸ ಹೋಗುತ್ತದೆ. 10 ಸೆಂ.ಮೀ. ದಪ್ಪದ ಕೊಂಬೆಯ ಅರ್ಧ ದಪ್ಪವಿರುವ ಕೊಂಬೆ ಅರ್ಧ ಭಾರ ತಾಳೀತು ಎನ್ನಿಸುತ್ತದೆ. ತಾಳುವುದು ಎಂಟನೇ ಒಂದು ಪಾಲು ಮಾತ್ರ. ಕಾಂಡದಿಂದ 1 ಮೀಟರ್ ಇದ್ದವರು 2 ಮೀಟರಿಗೆ ಸರಿದರೆ ಕವಲಿನ ಮೇಲಿನ ಜಗ್ಗು ಇಮ್ಮಡಿ. ಆದ್ದರಿಂದ ಕಾಲು ಕವಲಿನ ಹತ್ತಿರವೇ ಇರಲಿ, ತುದಿಯ ಗೊಂಚಲಿಗೆ ದೋಟಿ (ಕಾಯಿ ಕೊಯ್ಯುವ ಉದ್ದ ಕೋಲು) ಚಾಚಿ.

ಮರದ ಜಾತಿಯನ್ನೂ ಮರೆಯಬಾರದು. ಹುಣಸೆ ಬಾಗಿ ತಾಳುತ್ತದೆ. ನೇರಳೆ ಪಟ್ಟನೆ ಮುರಿಯುತ್ತದೆ. ನುಗ್ಗೆಯಂತೂ ಹತ್ತಲೇಬಾರದು, ಆ ಮರದಲ್ಲಿ ದೆವ್ವವಿದೆ ಎಂದು ನಮ್ಮಜ್ಜಿ ಹೆದರಿಸುತ್ತಿದ್ದುದು ನಮ್ಮ ಕೈಕಾಲು ಉಳಿಯಲೆಂದೇ ಇರಬೇಕು. ಮಾವು ಇವುಗಳ ನಡುವಿನದು. ಹಸಿಕೊಂಬೆ ನಂಬಬಹುದು, ಒಣಕೊಂಬೆಯನ್ನು ಕೈಯಲ್ಲೂ ಹಿಡಿಯಬೇಡಿ.

ಹತ್ತುವಾಗ ಪ್ರತಿ ಕೊಂಬೆಯನ್ನೂ ಕತ್ತಿಯ ಹಿಂಬದಿಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಿ. ಗಟ್ಟಿ ಎನಿಸಿದರೂ ಮೊದಲು ಕೈಯಿಂದ ಜಗ್ಗಿ, ಆಮೇಲೆ ಒಂದು ಕಾಲಿಟ್ಟು ನಿಧಾನವಾಗಿ ಭಾರ ಬಿಡಿ. ಆಗ ಎರಡೂ ಕೈ ಬೇರೆ ಕೊಂಬೆಯ ಮೇಲಿರಲಿ. ಸಣ್ಣ ಚಟಚಟ ಕೇಳಿದರೂ ಕಾಂಡಕ್ಕೆ ಮರಳಿ. ಸೊಂಟದ ಹಗ್ಗವನ್ನು ತಲೆಗಿಂತ ಮೇಲೆ, ಮುಖ್ಯ ಕಾಂಡಕ್ಕೇ ಬಿಗಿಯಿರಿ. ಇಬ್ಬನಿ ಆರುವ ತನಕ ಕಾಯಿರಿ, ತೊಗಟೆಯ ಮೇಲಿನ ಹಾವಸೆ (ಪಾಚಿ) ಜಾರುತ್ತದೆ. ವಿದ್ಯುತ್ ತಂತಿ ಹತ್ತಿರವಿದ್ದರೆ ಆ ಮರವೇ ಬೇಡ.

ಕೆಳಗೆ ಒಬ್ಬರು ಇರಲೇಬೇಕು, ಆದರೆ ನಿಮ್ಮ ಕೊಂಬೆಯ ನೇರಕ್ಕೆ ನಿಲ್ಲದಿರಲಿ. ಮಿಡಿ ತುಂಬುತ್ತಾ ಹೋದಂತೆ ಬುಟ್ಟಿಯ ಭಾರವನ್ನೂ ಅದೇ ಕೊಂಬೆ ಹೊರುತ್ತದೆ. ಅರ್ಧ ತುಂಬಿದೊಡನೆ ಹಗ್ಗದಲ್ಲಿ ಇಳಿಸಿಬಿಡಿ.